ವಸ್‌ವಾಸ್ ಕಾಯಿಲೆಯಾದಾಗ

ಜಮಾಅತ್ ನಿಂತಾಗಿದೆ. ವುಝೂ ಮಾಡುವ ನಳ್ಳಿಯ ಬಳಿ ಒಬ್ಬ ಯುವಕ ಇನ್ನೂ ಕುಳಿತಿದ್ದಾನೆ. ಮೊಣಕೈ ಒದ್ದೆಯಾಯಿತೋ ಇಲ್ಲವೋ ಎಂಬ ಅನುಮಾನ. ಮತ್ತೆ ತೊಳೆಯುತ್ತಾನೆ. ಕಾಲು ತೊಳೆಯುವಾಗ ಮೊದಲಿನಿಂದ ಶುರು ಮಾಡಬೇಕೆನಿಸುತ್ತದೆ. ಇಮಾಮರು ಸಲಾಮ್ ಹೇಳಿದರೂ ಅವನ ವುಝೂ ಮುಗಿದಿಲ್ಲ. ನೋಡಿದವರಲ್ಲಿ ಕೆಲವರು ಅದನ್ನು ದೇವಭಯವೆಂದು ಮೆಚ್ಚುತ್ತಾರೆ, ಕೆಲವರು ನಗುತ್ತಾರೆ. ಇಂಥವರು ಕೊನೆಗೆ ಮಸೀದಿಗೆ ಬರುವುದನ್ನೇ ನಿಲ್ಲಿಸುವುದುಂಟು. ಅದು ನಮಾಝ್‌ನ ಬಗ್ಗೆ ಅಸಡ್ಡೆಯಿಂದಲ್ಲ, ನಮಾಝ್ ಕೆಟ್ಟೀತೆಂಬ ಹೆದರಿಕೆಯಿಂದ.

ಸಂದೇಹ ಎಲ್ಲರ ಮನಸ್ಸಿನಲ್ಲೂ ಸುಳಿಯುತ್ತದೆ. ಆದರೆ ಬೇಡವೆಂದರೂ ಮರಳಿ ಮರಳಿ ಬಂದು, ದಿನದ ಗಂಟೆಗಟ್ಟಲೆ ಸಮಯ ತಿಂದು, ಓದು, ದುಡಿಮೆ, ಸಂಸಾರಗಳನ್ನು ಕೆಡಿಸತೊಡಗಿದರೆ ಅದು ಗೀಳು ಕಾಯಿಲೆ. ವೈದ್ಯರು ಇದನ್ನು ಒಸಿಡಿ ಎನ್ನುತ್ತಾರೆ. ಇದು ಎಲ್ಲ ಧರ್ಮದವರಲ್ಲೂ ಇದೆ. ಒಬ್ಬರಿಗೆ ಬಾಗಿಲ ಚಿಲಕ, ಇನ್ನೊಬ್ಬರಿಗೆ ಕೈಯ ಕೊಳೆ, ಮತ್ತೊಬ್ಬರಿಗೆ ವುಝೂ. ಕೆಲವರಿಗೆ ನಮಾಝ್‌ನಲ್ಲೇ ಅಲ್ಲಾಹನ ಕುರಿತು ಹೇಳಬಾರದಂಥ ಯೋಚನೆಗಳು ಬರುತ್ತವೆ. ತಾನು ಕಾಫಿರನಾದೆನೇ ಎಂದು ಅವರು ಒಳಗೊಳಗೇ ನಡುಗುತ್ತಾರೆ. ಸಹಾಬಿಗಳೂ ಇಂಥ ಯೋಚನೆಗಳ ಬಗ್ಗೆ ದೂರಿಕೊಂಡಿದ್ದರು. ಅವುಗಳನ್ನು ಬಾಯಲ್ಲಿ ಹೇಳಲೂ ಅವರು ಹಿಂಜರಿದಾಗ, ಅದುವೇ ಸ್ಪಷ್ಟ ಈಮಾನ್ ಎಂದು ಪ್ರವಾದಿವರ್ಯರು(ಸ) ಸಮಾಧಾನ ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ.

ಈ ಕಾಯಿಲೆ ಬೆಳೆಯುವ ಬಗೆಯನ್ನು ತಿಳಿಯಬೇಕು. ಅನುಮಾನ ಬಂದಾಗ ಮತ್ತೆ ತೊಳೆದರೆ ತುಸು ಹೊತ್ತು ನೆಮ್ಮದಿ ಸಿಗುತ್ತದೆ. 'ತೊಳೆದದ್ದರಿಂದಲೇ ಪಾರಾದೆ' ಎಂಬ ತಪ್ಪು ಪಾಠವನ್ನು ಮನಸ್ಸು ಕಲಿಯುತ್ತದೆ. ಮರುದಿನ ಅನುಮಾನ ಇನ್ನೂ ಬಲವಾಗಿ ಬರುತ್ತದೆ. ಉರಿಯುವ ಒಲೆಗೆ ನಾವೇ ಸೌದೆ ಇಟ್ಟಂತೆ.

ಚಿಕಿತ್ಸೆ ಆ ಸೌದೆಯನ್ನು ಹಿಂದಕ್ಕೆಳೆಯುತ್ತದೆ. 1966ರಲ್ಲಿ ವಿಕ್ಟರ್ ಮೇಯರ್ ಎಂಬ ಮನಃಶಾಸ್ತ್ರಜ್ಞರು ಇಬ್ಬರು ರೋಗಿಗಳಲ್ಲಿ ಇದನ್ನು ಪ್ರಯೋಗಿಸಿ ವರದಿ ಮಾಡಿದರು. ಇಂದು ಇದನ್ನು ಇಆರ್‌ಪಿ ಎನ್ನುತ್ತಾರೆ. ಹೆದರಿಕೆ ಹುಟ್ಟಿಸುವ ಸಂದರ್ಭವನ್ನು ಎದುರಿಸುವುದು, ಆದರೆ ಅದಕ್ಕಾಗಿ ಮಾಡುತ್ತಿದ್ದ ಕೆಲಸವನ್ನು ಮಾಡದಿರುವುದು, ಇದೇ ಅದರ ತಿರುಳು. ಮೊದಲು ಹೆದರಿಕೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಪಟ್ಟಿ ಮಾಡುತ್ತಾರೆ. ನಂತರ ಒಂದೊಂದೇ ಮೆಟ್ಟಿಲು. ಅಳತೆಯ ನೀರಿನಲ್ಲಿ ಒಮ್ಮೆ ವುಝೂ ಮಾಡಿ, ಅನುಮಾನ ಇದ್ದಂತೆಯೇ ಎದ್ದು ಸಫ್ಫಿನಲ್ಲಿ ನಿಲ್ಲಬೇಕು. ಎದೆ ಬಡಿದುಕೊಳ್ಳುತ್ತದೆ. ಆದರೂ ಹಿಂತಿರುಗಬಾರದು. ಹಾಗೇ ಇದ್ದರೆ ತಳಮಳ ನಿಧಾನವಾಗಿ ತಾನೇ ಇಳಿಯುತ್ತದೆ. ದಿನವೂ ಅಭ್ಯಾಸ ಮಾಡಿದಂತೆ ಅದರ ಹಿಡಿತ ಸಡಿಲಾಗುತ್ತದೆ. ಇದಕ್ಕೆ ಕೆಲವು ತಿಂಗಳು ಹಿಡಿಯಬಹುದು. ಕೆಲವರಿಗೆ ಮಾತ್ರೆಯೂ ಬೇಕಾಗುತ್ತದೆ. ಮಾತ್ರೆಯ ಗುಣ ಕಾಣಲು ಎರಡು ಮೂರು ತಿಂಗಳಾದರೂ ಬೇಕು. ಅವಸರದಲ್ಲಿ ನಿಲ್ಲಿಸಬಾರದು.

ಇದು ದೀನ್‌ಗೆ ವಿರುದ್ಧವೇ? ಖಂಡಿತ ಇಲ್ಲ. ಖಚಿತವಾದದ್ದು ಸಂದೇಹದಿಂದ ಅಳಿಯುವುದಿಲ್ಲ ಎಂಬುದು ಫಿಕ್ಹ್‌ನ ಮೂಲ ನಿಯಮ. ನಮಾಝ್‌ನಲ್ಲಿ ವುಝೂ ಮುರಿದಂತೆ ಅನಿಸಿದವನು ಶಬ್ದ ಕೇಳುವವರೆಗೆ ಅಥವಾ ವಾಸನೆ ಬರುವವರೆಗೆ ನಮಾಝ್ ಬಿಡಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದರು. ಸ್ವತಃ ಅವರ ವುಝೂಗೆ ಒಂದು ಮುದ್ದ್, ಅಂದರೆ ಸಣ್ಣ ಚೊಂಬಿನಷ್ಟು ನೀರು ಸಾಕಾಗುತ್ತಿತ್ತು. ಕ್ರಿ.ಶ. 934ರಲ್ಲಿ ನಿಧನರಾದ ಅಬೂ ಝೈದ್ ಅಲ್ ಬಲ್ಖೀ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತ ತಮ್ಮ ಗ್ರಂಥದಲ್ಲಿ ವಸ್‌ವಾಸನ್ನು ಕೋಪ, ದುಃಖ, ಭಯಗಳ ಜೊತೆ ಮನಸ್ಸಿನ ಕಾಯಿಲೆಯಾಗಿಯೇ ವಿವರಿಸಿದ್ದಾರೆ.

ಮನೆಯವರಿಗೂ ಇಮಾಮರಿಗೂ ಒಂದು ಮಾತು. 'ನನ್ನ ವುಝೂ ಆಯಿತೇ?' ಎಂದು ಅವನು ಹತ್ತು ಸಲ ಕೇಳಿದರೆ ಹತ್ತು ಸಲವೂ 'ಆಯಿತು' ಎನ್ನುವುದು ಕರುಣೆಯಂತೆ ಕಾಣುತ್ತದೆ. ನಿಜವಾಗಿ ಅದೂ ಒಲೆಗಿಟ್ಟ ಸೌದೆಯೇ. ಮಸ್‌ಅಲವನ್ನು ಒಮ್ಮೆ ಸ್ಪಷ್ಟವಾಗಿ ಹೇಳಿ. ಎರಡನೆಯ ಸಲ ಕೇಳಿದಾಗ, 'ಉತ್ತರ ನಿನಗೆ ಗೊತ್ತಿದೆ ಮಗಾ, ನಡೆ ನಮಾಝ್‌ಗೆ' ಎಂದು ಪ್ರೀತಿಯಿಂದ ಕೈ ಹಿಡಿಯಿರಿ. ಗದರಬೇಡಿ, ಈಮಾನ್ ಕಡಿಮೆ ಎನ್ನಬೇಡಿ. ದುಆ ಮಾಡಿ, ಜೊತೆಗೆ ವೈದ್ಯರ ಬಳಿಗೂ ಕರೆದುಕೊಂಡು ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಕ್ಲಿನಿಕ್ ಇದೆ. ಸರಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು.

ಮುಂದಿನ ಜುಮಾದಲ್ಲಿ ನಳ್ಳಿಯ ಬಳಿ ಯಾರಾದರೂ ಬಹಳ ಹೊತ್ತು ಕುಳಿತಿದ್ದರೆ ನಗಬೇಡಿ. ನಮಾಝ್ ಮುಗಿದ ಮೇಲೆ ಬಳಿಗೆ ಹೋಗಿ, ಸಲಾಮ್ ಹೇಳಿ, ಮೆಲ್ಲಗೆ ಮಾತನಾಡಿಸಿ.