ಹಾಯಿದೋಣಿ ಪಂದ್ಯಕ್ಕೆ ನ್ಯಾಯದ ಗಣಿತ

ಕೆಆರ್‌ಎಸ್ ಹಿನ್ನೀರಿನಲ್ಲಿ ನಮ್ಮ ಕ್ಲಬ್ಬಿನ ಭಾನುವಾರದ ಹಾಯಿದೋಣಿ ಪಂದ್ಯಗಳನ್ನು ನಡೆಸುವ ಹೊಣೆ ನನ್ನದು. ಮಕ್ಕಳ ಪುಟ್ಟ ಆಪ್ಟಿಮಿಸ್ಟ್, ವೇಗದ ಲೇಸರ್ ಎರಡೂ ಒಟ್ಟಿಗೆ ಹೊರಟರೆ ಗೆಲ್ಲುವವರು ಯಾರೆಂದು ಮೊದಲೇ ಗೊತ್ತಲ್ಲವೇ ಎಂದು ಹಲವರು ಕೇಳುತ್ತಾರೆ. ಹಾಗೇನಿಲ್ಲ.

ಬ್ರಿಟನ್ನಿನ ಪೋರ್ಟ್ಸ್‌ಮತ್ ಪದ್ಧತಿಯಲ್ಲಿ ಪ್ರತಿ ಮಾದರಿಯ ದೋಣಿಗೂ ಒಂದು ಅಂಕಿ ಇರುತ್ತದೆ. ನಿಧಾನದ ದೋಣಿಗೆ ದೊಡ್ಡ ಅಂಕಿ. ದೋಣಿ ತೆಗೆದುಕೊಂಡ ಸಮಯವನ್ನು 1000ದಿಂದ ಗುಣಿಸಿ ಆ ಅಂಕಿಯಿಂದ ಭಾಗಿಸಬೇಕು. 1100 ಅಂಕಿಯ ದೋಣಿ 44 ನಿಮಿಷದಲ್ಲಿ ಮುಗಿಸಿದರೆ ಲೆಕ್ಕಕ್ಕೆ 40 ನಿಮಿಷ. 1600 ಅಂಕಿಯದು 60 ನಿಮಿಷ ತೆಗೆದುಕೊಂಡರೂ ಲೆಕ್ಕಕ್ಕೆ ಮೂವತ್ತೇಳೂವರೆ. ಹಿಂದೆ ಬಂದ ದೋಣಿಯೇ ಗೆದ್ದಿತು!

ಆರಂಭದ ಗೆರೆಯನ್ನು ಗಾಳಿಗೆ ಅಡ್ಡಲಾಗಿ ಹಾಕಬೇಕು. ಓರೆಯಾದರೆ ಒಂದು ತುದಿಯಲ್ಲಿದ್ದವರಿಗೆ ಪುಕ್ಕಟೆ ಲಾಭ. ಹೊರಡಲು 5 ನಿಮಿಷವಿರುವಾಗ ಬಾವುಟ ಏರಿಸಿ ಸದ್ದು ಮಾಡುತ್ತೇವೆ, ಅಲ್ಲಿಂದ ಎಲ್ಲರ ಗಡಿಯಾರವೂ ಒಂದೇ.

ನೀರಿನ ಮೇಲೆ ಅಂಪೈರ್ ಬೇಕಿಲ್ಲ. ಎದುರುಬದುರಾದಾಗ, ಎಡಬದಿಯಿಂದ ಗಾಳಿ ಪಡೆಯುವ ದೋಣಿ ಬಲಬದಿಯಿಂದ ಪಡೆಯುವ ದೋಣಿಗೆ ದಾರಿ ಬಿಡಬೇಕು. ತಪ್ಪಿದವರು ತಾವೇ ಎರಡು ಸುತ್ತು ತಿರುಗಿ ಮುಂದುವರಿಯಬೇಕು. ಪಂದ್ಯದ ದಾರಿ ಗುರುತಿಸಲು ತೇಲಿಬಿಟ್ಟ ಬುರುಡೆಗೆ ತಾಗಿದರೆ ಒಂದು ಸುತ್ತು ಸಾಕು. ಅಪಾಯದಲ್ಲಿರುವವರಿಗೆ ನೆರವಾಗುವುದು ನಿಯಮಪುಸ್ತಕದ ಮೊಟ್ಟಮೊದಲ ನಿಯಮ.

ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2. ಸರಣಿಯಲ್ಲಿ ಅತಿ ಕಡಿಮೆ ಅಂಕದವರು ವಿಜೇತರು. ಪ್ರತಿಯೊಬ್ಬರ ಅತಿ ಕೆಟ್ಟ ಫಲಿತಾಂಶವನ್ನು ಕೈಬಿಡುತ್ತೇವೆ. ಹೊಸಬರು ಉಳಿಯುವುದು ಇದರಿಂದಲೇ.

ಕ್ಲಬ್ ನಡೆಸುವವರೇ, ಗೆದ್ದವರ ಕಪ್ಪಿಗಿಂತ ಮೊದಲು ಕೊನೆಯ ದೋಣಿಯ ಲೆಕ್ಕ ಸರಿಯಾಗಿ ಬರೆಯಿರಿ.