ಎಲೆಯ ಬಣ್ಣ ಮತ್ತು ನಂಜು: ಏಲಕ್ಕಿಯ ಎರಡು ರೋಗನಾಮಗಳು

ಬೆಂಡೆಯ ಎಲೆಗಳು ಹಳದಿಗಟ್ಟುವ ವೈರಸ್ ರೋಗಕ್ಕೆ ಕನ್ನಡದ ಕೃಷಿ ಸಾಹಿತ್ಯದಲ್ಲಿ 'ಹಳದಿ ನಂಜು' ಎಂಬ ಹೆಸರಿದೆ. ನಂಜೆಂದರೆ ವಿಷ; 'ವೈರಸ್' ಎಂಬ ಲ್ಯಾಟಿನ್ ಪದದ ಮೂಲಾರ್ಥವೂ ವಿಷವೇ ಆಗಿರುವುದು ಗಮನಾರ್ಹ. ಆದರೆ ಈ ಹಳದಿಯನ್ನು ವೈರಸ್ ಹೊರಗಿನಿಂದ ತರುವುದಿಲ್ಲ. ಅದು ಜೀವಕೋಶಗಳಲ್ಲಿ ವೃದ್ಧಿಯಾದಂತೆ ಕ್ಲೋರೊಪ್ಲಾಸ್ಟುಗಳ ರಚನೆ ಕೆಟ್ಟು ಪತ್ರಹರಿತ್ತು ಕುಗ್ಗುತ್ತದೆ. ಹಸಿರಿನ ಮರೆಯಲ್ಲಿದ್ದ ಕ್ಯಾರೊಟಿನಾಯ್ಡುಗಳು ಆಗ ಕಣ್ಣಿಗೆ ಬೀಳುತ್ತವೆ. ಸೋಂಕು ಎಲೆಯಲ್ಲೆಲ್ಲ ಸಮನಾಗಿ ಹರಡದ ಕಾರಣ ಮಚ್ಚೆಯೋ ಗೆರೆಯೋ ಮೂಡುತ್ತದೆ.

ಮಲೆನಾಡಿನ ಏಲಕ್ಕಿಗೆ ತಗಲುವ 'ಕಟ್ಟೆ ರೋಗ' ವೈರಸ್‌ಜನ್ಯವೆಂಬುದು 1945ರಲ್ಲಿ ಪ್ರಕಟವಾಯಿತು. ಎಳೆಯ ಎಲೆಯಲ್ಲಿ ಮೊದಲು ಕದಿರಿನಾಕಾರದ ಸಣ್ಣ ತಿಳಿ ಚುಕ್ಕೆಗಳು, ಅನಂತರ ನಡುನರದಿಂದ ಅಂಚಿನವರೆಗೆ ತುಂಡುತುಂಡಾದ ತಿಳಿಹಸಿರು ಪಟ್ಟೆಗಳು ಕಾಣಿಸಿಕೊಳ್ಳುತ್ತವೆ. ಇಂಗ್ಲಿಷ್ ವಿಜ್ಞಾನ ಬರಹಗಳೂ 'ಕಟ್ಟೆ' ಎಂಬ ಹೆಸರನ್ನೇ ಉಳಿಸಿಕೊಂಡಿವೆ. ಇನ್ನೊಂದು ವೈರಸ್ ರೋಗ 'ಕೊಕ್ಕೆ ಕಂದು'. ಹೊಸ ಎಲೆ ಹಳೆಯದರಲ್ಲಿ ಸಿಲುಕಿ ಕಂದು ಕೊಕ್ಕೆಯಂತೆ ಬಾಗುವುದರಿಂದ ಈ ಹೆಸರು.

ಜನಪದರ ನಾಮಕರಣವನ್ನು ಹೊಗಳಿ ಸುಮ್ಮನಾಗುವ ರೂಢಿ ನಮ್ಮಲ್ಲಿದೆ. ಇಲ್ಲಿ ಅದು ಸಾಲದು. ಕೊಕ್ಕೆ ಕಣ್ಣಿಗೆ ಹೊಡೆಯುವ ಲಕ್ಷಣವೇ ಹೊರತು ಮೊದಲನೆಯದಲ್ಲ. ಎಲೆಯ ನರಗಳು ಬಣ್ಣಗೆಡುವುದು ಅದಕ್ಕಿಂತ ಮುಂಚೆ. ರೋಗ ತಗಲಿದ ಗಿಡವನ್ನು ಗುಣಪಡಿಸುವ ಔಷಧವಿಲ್ಲ, ಬುಡಸಹಿತ ಕಿತ್ತು ನಾಶಪಡಿಸಬೇಕು. ಹೆಸರು ಹೇಳುವ ಕೊಕ್ಕೆಗಾಗಿ ಕಾದರೆ ಅಷ್ಟರಲ್ಲಿ ಸಸ್ಯಹೇನುಗಳು ಸೋಂಕನ್ನು ಪಕ್ಕದ ಹಿಂಡಿಲುಗಳಿಗೆ ದಾಟಿಸಿರುತ್ತವೆ.