ಹೊರೆ ಹಂಚುವ ಮುಕ್ತ ತಂತ್ರಾಂಶಗಳ ತುಲನೆ: ಅಳತೆಯ ಪ್ರಶ್ನೆ

ಒಂದು ಜಾಲತಾಣಕ್ಕೆ ಬರುವ ಕೋರಿಕೆಗಳನ್ನು ಹಲವು ಸರ್ವರುಗಳಿಗೆ ಹಂಚಿಕೊಡುವ ತಂತ್ರಾಂಶಗಳು ಅನೇಕವಿವೆ. ಮೂಲಸಂಕೇತವು ಎಲ್ಲರಿಗೂ ತೆರೆದಿರುವಂಥವುಗಳಲ್ಲಿ ಮೂರು ಸುಪ್ರಸಿದ್ಧವಾದುವು: 1998ರಲ್ಲಿ ವೆನ್‌ಸಾಂಗ್ ಝಾಂಗ್ ಆರಂಭಿಸಿದ ಲಿನಕ್ಸ್ ವರ್ಚುವಲ್ ಸರ್ವರ್, 2001ರಲ್ಲಿ ವಿಲ್ಲಿ ಟಾರೋ ಪ್ರಕಟಿಸಿದ ಎಚ್‌ಎಪ್ರಾಕ್ಸಿ, 2004ರಲ್ಲಿ ಈಗೊರ್ ಸಿಸೊಯೆವ್ ಹೊರತಂದ ಎಂಜಿನ್‌ಎಕ್ಸ್. ಇವುಗಳಲ್ಲಿ ಯಾವುದು ಉತ್ತಮವೆಂದು ವಿದ್ಯಾರ್ಥಿಗಳು ಕೇಳುವುದು ಸಹಜ. ಆದರೆ ಉತ್ತರಕ್ಕೆ ಮೊದಲು ಅಳತೆಯ ಕ್ರಮವನ್ನು ವಿವೇಚಿಸುವುದು ಅವಶ್ಯಕ.

ಮೊದಲನೆಯದಾಗಿ, ಹೋಲಿಸುವ ವಸ್ತುಗಳು ಸಮಾನಧರ್ಮದವಾಗಿರಬೇಕು. ಲಿನಕ್ಸ್ ವರ್ಚುವಲ್ ಸರ್ವರ್ ಕಾರ್ಯವ್ಯವಸ್ಥೆಯ ತಿರುಳಿನಲ್ಲಿಯೇ ಇದ್ದು, ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳನ್ನು ನೋಡಿ ಕೋರಿಕೆಯನ್ನು ಮುಂದಕ್ಕೆ ಕಳುಹಿಸುತ್ತದೆ. ಅದರ ನೇರ ರವಾನೆಯ ಕ್ರಮದಲ್ಲಿ ಉತ್ತರವು ಮರಳಿ ಅದರ ಮೂಲಕ ಬರಬೇಕಾಗಿಯೂ ಇಲ್ಲ. ಉಳಿದೆರಡು ಎಚ್‌ಟಿಟಿಪಿ ಕ್ರಮದಲ್ಲಿ ಕೋರಿಕೆಯನ್ನು ಓದಿ, ಅದರ ಒಕ್ಕಣೆಗೆ ತಕ್ಕಂತೆ ವಿಂಗಡಿಸಬಲ್ಲುವು. ಲಕೋಟೆಯ ವಿಳಾಸವನ್ನಷ್ಟೇ ನೋಡುವವನನ್ನು, ಒಳಗಿನ ಪತ್ರವನ್ನೂ ಓದುವವನೊಡನೆ ವೇಗದಲ್ಲಿ ಹೋಲಿಸುವುದು ನ್ಯಾಯವಲ್ಲ.

ಎರಡನೆಯದಾಗಿ, ಕೋರಿಕೆಗಳನ್ನು ಕಳುಹಿಸುವ ಬಗೆ. ಪ್ರತಿ 10 ಮಿಲಿಸೆಕೆಂಡಿಗೆ ಒಂದು ಕೋರಿಕೆ. ಪ್ರತಿಯೊಂದಕ್ಕೂ 1 ಮಿಲಿಸೆಕೆಂಡಿನಲ್ಲಿ ಉತ್ತರ. 10 ಸೆಕೆಂಡುಗಳ ಪರೀಕ್ಷೆಯಲ್ಲಿ ಒಮ್ಮೆ ಮಾತ್ರ ಯಂತ್ರವು 1 ಸೆಕೆಂಡು ಸ್ತಬ್ಧವಾಯಿತೆಂದು ಭಾವಿಸೋಣ. ಹಿಂದಿನ ಉತ್ತರ ಬರುವವರೆಗೆ ಕಾದು ಮುಂದಿನದನ್ನು ಕಳುಹಿಸುವ ಪರೀಕ್ಷಕನಿಗೆ ಒಂದೇ ವಿಳಂಬ ಕಾಣುತ್ತದೆ. ಸರಾಸರಿ ಸುಮಾರು 2 ಮಿಲಿಸೆಕೆಂಡು. ಆದರೆ ನಿಜವಾದ ಬಳಕೆದಾರರು ಒಬ್ಬರಿಗಾಗಿ ಒಬ್ಬರು ಕಾಯುವುದಿಲ್ಲ. ಆ ಒಂದು ಸೆಕೆಂಡಿನಲ್ಲಿ ಬಂದ 100 ಕೋರಿಕೆಗಳೂ ತಡೆಯುತ್ತವೆ. ತಡೆ ಕಳೆದೊಡನೆ ಅವೆಲ್ಲವೂ ತೀರಿದುವೆಂದೇ ಎಣಿಸಿದರೂ ಸರಾಸರಿಯು 50 ಮಿಲಿಸೆಕೆಂಡನ್ನು ಮೀರುತ್ತದೆ. ಯಂತ್ರ ಒಂದೇ, ದೋಷ ಒಂದೇ; ಫಲಿತಾಂಶದಲ್ಲಿ ಮಾತ್ರ ಇಪ್ಪತ್ತೈದು ಮಡಿ ಅಂತರ!

ಮೂರನೆಯದಾಗಿ, ಸರಾಸರಿಯೊಂದನ್ನೇ ನಂಬಲಾಗದು. ನೂರರಲ್ಲಿ ಒಂದು ಉತ್ತರ ಮಾತ್ರ ನಿಧಾನವೆಂದಿಟ್ಟುಕೊಳ್ಳೋಣ. ಒಂದು ಪುಟವನ್ನು ಪೂರೈಸಲು ಪರಸ್ಪರ ಸ್ವತಂತ್ರವಾದ 100 ಉತ್ತರಗಳು ಬೇಕಾದರೆ, ಒಂದಾದರೂ ನಿಧಾನವಾಗುವ ಸಂಭವ ಶೇಕಡಾ 63. ಅಪರೂಪವೆಂದು ಬದಿಗಿಟ್ಟದ್ದೇ ಬಹುಮಂದಿಯ ಅನುಭವವಾಗುತ್ತದೆ.

ಆದಕಾರಣ ಒಂದೇ ಸ್ತರದ ತಂತ್ರಾಂಶಗಳನ್ನು, ಒಂದೇ ಯಂತ್ರದಲ್ಲಿ, ಉತ್ತರಕ್ಕಾಗಿ ಕಾಯದೆ ನಿಯತಗತಿಯಲ್ಲಿ ಬರುವ ಕೋರಿಕೆಗಳಿಂದ ಪರೀಕ್ಷಿಸಿ, ಸರಾಸರಿಯ ಜೊತೆಗೆ ಅತ್ಯಂತ ನಿಧಾನವಾದ ಶೇಕಡಾ ಒಂದು ಭಾಗವನ್ನೂ ವರದಿಮಾಡಬೇಕು. ಇವನ್ನು ತಿಳಿಸದ ಕೋಷ್ಟಕವು ಎಷ್ಟೇ ಅಂದವಾಗಿದ್ದರೂ ಅದರಿಂದ ಶ್ರೇಷ್ಠತೆಯನ್ನು ನಿರ್ಣಯಿಸುವಂತಿಲ್ಲ.